ಮನೆಯ ಧ್ವನಿಯಂತ್ರದಲ್ಲಿ ಬೇಡದ ಗುಂಜಾರವ



ನನ್ನ ಈ ಮಾತುಗಳು ನಿಮ್ಮ ಕಿವಿಯನ್ನು ಮುಟ್ಟುತ್ತಿರುವಾಗ ಅವುಗಳ ಅಡಿಯಲ್ಲಿ ಇನ್ನೊಂದು ಸ್ವರವೂ, ತಗ್ಗಿನದೂ ಏಕಪ್ರಕಾರವಾದದ್ದೂ ನಿಲ್ಲದೆ ನಡೆಯತಕ್ಕದ್ದೂ ಆದ 'ಗುಂ' ಎಂಬ ಸ್ವರವೊಂದು, ನಿಮ್ಮಲ್ಲಿ ಕೆಲವರಿಗಾದರೂ ಕೇಳಿಬರುತ್ತಿರಬಹುದು. ಅದು ಭಾಷಣಕಾರನ ಕಂಠದೋಷವಲ್ಲವೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ಈ ಸ್ವರ ಹುಟ್ಟುವುದೆಲ್ಲಿ, ಸಂಗೀತ ಕೇಳುವ ಯಂತ್ರದೊಳಕ್ಕೆ ಅದು ಬರುವ ದಾರಿ ಯಾವುದು, ಅದನ್ನು ಹೊರಗೆ ಕಳುಹಿಸುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ವಿಷಯ. ಇದು ಬಹಳ ಸಣ್ಣ ವಿಷಯವೆಂದು ತೋರಬಹುದು. ಆದರೆ ಈ ಸ್ವರವನ್ನು ತಪ್ಪು ದಾರಿಯಲ್ಲಿ ಅಡಗಿಸಹೊರಟವರು ಸಂಗೀತಕ್ಕಿಂತ ಹೆಚ್ಚಿನದೊಂದನ್ನು ಪಣಕ್ಕೆ ಒಡ್ಡುತ್ತಾರೆ. ಆದ್ದರಿಂದ ಸ್ವಲ್ಪ ಹೊತ್ತು ನಿಮ್ಮ ಗಮನವನ್ನು ಬೇಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ನಾನು ಮಣಿಪಾಲದ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸತಕ್ಕವನು. ಈ ಊರಿನಲ್ಲಿ ಹಾಡುವ ಯಂತ್ರವಿಲ್ಲದ ಮನೆ ಅಪರೂಪ. ಹಿರಿಯರ ಮನೆಗಳಲ್ಲಿ ರೆಕಾರ್ಡು ತಿರುಗಿಸುವ ಹಳೆಯ ಯಂತ್ರವೂ ಯಕ್ಷಗಾನದ ಕ್ಯಾಸೆಟ್ಟುಗಳೂ ಉಂಟು. ವಿದ್ಯಾರ್ಥಿಗಳ ಕೋಣೆಗಳಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಸ್ಪೀಕರುಗಳುಂಟು. ವಯಸ್ಸು ಬೇರೆ, ರುಚಿ ಬೇರೆ. ದೂರು ಮಾತ್ರ ಒಂದೇ. ಹಾಡು ನಿಂತರೂ ಇದು ನಿಲ್ಲುವುದಿಲ್ಲವಲ್ಲ, ಏನು ಮಾಡೋಣ, ಎಂದು.

ಮೊದಲು ಈ ಸ್ವರದ ಮೂಲವನ್ನು ನೋಡೋಣ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ವಿದ್ಯುತ್ಪ್ರವಾಹ ಒಂದೇ ದಿಕ್ಕಿಗೆ ಹರಿಯತಕ್ಕದ್ದಲ್ಲ. ಅದು ಸೆಕೆಂಡಿಗೆ 50 ಸಲ ಹೋಗುತ್ತ ಬರುತ್ತ ಇರುತ್ತದೆ. ಹೀಗೆ ಒಮ್ಮೆ ಹೋಗಿ ಬರುವುದಕ್ಕೆ ಒಂದು ಆವರ್ತವೆಂದು ಹೆಸರು. ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿರುವ ಉಷ್ಣವಿದ್ಯುತ್ ಸ್ಥಾವರದಲ್ಲಿ ಉಗಿಯ ಬಲದಿಂದ ತಿರುಗುವ ಚಕ್ರ ನಿಮಿಷಕ್ಕೆ 3,000 ಸುತ್ತು, ಎಂದರೆ ಸೆಕೆಂಡಿಗೆ 50 ಸುತ್ತು ಸುತ್ತುತ್ತದೆ. ವಾರಾಹಿಯ, ಶರಾವತಿಯ ನೀರಿನ ಚಕ್ರಗಳು ಇದಕ್ಕಿಂತ ಬಹಳ ನಿಧಾನ. ಆದರೆ ಅಲ್ಲಿನ ಯಂತ್ರಗಳಲ್ಲಿ ಅಯಸ್ಕಾಂತದ ಧ್ರುವಗಳು ಹೆಚ್ಚಾಗಿರುವುದರಿಂದ ಹೊರಟುಬರುವ ಪ್ರವಾಹದ ಆವರ್ತಗಳು ಅಷ್ಟೇ ಆಗುತ್ತವೆ. 2013ನೆಯ ಇಸವಿ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುಜ್ಜಾಲವನ್ನು ದೇಶದ ಉಳಿದ ಜಾಲದೊಡನೆ ಹೆಜ್ಜೆಗೂಡಿಸಿ ಜೋಡಿಸಿದರು. ಅಂದಿನಿಂದ ಮಣಿಪಾಲದ ಸ್ಪೀಕರಿನೊಳಗಿನ ಗುಂಜಾರವಕ್ಕೂ ದೆಹಲಿಯ ಸ್ಪೀಕರಿನೊಳಗಿನ ಗುಂಜಾರವಕ್ಕೂ ಶ್ರುತಿ ಒಂದೇ. ಈ ಶ್ರುತಿ 49.90ಕ್ಕಿಂತ ಇಳಿಯಬಾರದು, 50.05ನ್ನು ಮೀರಬಾರದು ಎಂದು ಜಾಲವನ್ನು ನಡೆಸುವವರು ಕಟ್ಟಳೆ ಮಾಡಿಕೊಂಡಿದ್ದಾರೆ. ನಮ್ಮ ಗಾಯಕರಲ್ಲಿ ಎಷ್ಟು ಮಂದಿ ಇಂಥ ಕಟ್ಟಳೆಗೆ ಒಪ್ಪಿಯಾರು ಎಂಬುದು ಬೇರೆ ಮಾತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೊರಟ ಪ್ರವಾಹ ಸೆಕೆಂಡಿಗೆ 25 ಆವರ್ತದ್ದು. ಇಂದಿನ ಯಂತ್ರಗಳು ಆ ತಂತಿಗೆ ತಗುಲಿದ್ದರೆ ನಮ್ಮ ಗುಂಜಾರವ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಮೊಳಗುತ್ತಿತ್ತು.

ಸಂಗೀತ ಬಲ್ಲವರು ಈ ಸ್ವರವನ್ನು ಶ್ರುತಿಯ ಲೆಕ್ಕದಲ್ಲೇ ಗುರುತಿಸಬಹುದು. 50ನ್ನು ಷಡ್ಜವೆಂದು ಹಿಡಿದರೆ 100 ಮೇಲಿನ ಷಡ್ಜ, 150 ಅದರ ಮೇಲಿನ ಪಂಚಮ, 200 ಮತ್ತೆ ಷಡ್ಜ, 250 ಅಂತರ ಗಾಂಧಾರ. ವಿದ್ಯುತ್ತು ಹೀಗೆ ತನ್ನದೇ ಒಂದು ತಂಬೂರಿಯನ್ನು ಮೀಟುತ್ತ ಕುಳಿತಿರುತ್ತದೆ. ದುರದೃಷ್ಟವೆಂದರೆ ಅದು ನಮ್ಮ ತಂಬೂರಿಗೆ ಸೇರುವುದಿಲ್ಲ. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಗೆ ಹಾಡುವವರ ಷಡ್ಜ ಸುಮಾರು 131 ಆವರ್ತ. ತಂಬೂರಿಯ ಮಂದ್ರ ಪಂಚಮ ಸುಮಾರು 98. ಯಂತ್ರದ ಗುಂಜಾರವ 100. ಪಂಚಮದ ಪಕ್ಕಕ್ಕೆ ಬಂದೂ ಪಂಚಮವಾಗದ ಈ ಸ್ವರ ತಂಬೂರಿಯೊಡನೆ ಸೆಕೆಂಡಿಗೆ ಎರಡು ಸಲದಂತೆ ತೂಗಾಡುತ್ತದೆ. ಆಲಾಪನೆಯ ನಡುವಿನ ಮೌನದಲ್ಲಿ ಕೇಳುಗರಿಗೆ ಉಂಟಾಗುವ ಅಸ್ಪಷ್ಟವಾದ ಕಿರುಕುಳಕ್ಕೆ ಕಾರಣವೇನೆಂದು ಅನೇಕರಿಗೆ ತಿಳಿಯದು. ಗಾಯಕರ ಶ್ರುತಿಯೇ ಸರಿಯಿಲ್ಲವೆಂದು ಅವರನ್ನು ದೂರುವವರೂ ಉಂಟು.

ಬೇಡದ ಸ್ವರಗಳು ಎರಡು ಜಾತಿಯವು. ಬಿದಿರು ಕೊರೆಯುವ ಕಪ್ಪು ದುಂಬಿಯಂತೆ ದುಂಡಗೆ, ಮೆತ್ತಗೆ 'ಗುಂ' ಎನ್ನುವುದು ಒಂದು. ಮಳೆಗಾಲಕ್ಕೆ ಮುನ್ನ ಘಟ್ಟದ ಬುಡದ ಕಾಡಿನಲ್ಲಿ ಜೀರುಂಡೆ ಕೂಗುವಂತೆ ಮೊನಚಾಗಿ 'ಜೀರ್' ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ 50 ಅಥವಾ 100 ಆವರ್ತದ ಸ್ವರವೇ ಪ್ರಧಾನ. ಎರಡನೆಯದರಲ್ಲಿ ಅದರ ಮೇಲಿನ ಹತ್ತಾರು ಸ್ವರಗಳು ಸೇರಿಕೊಂಡಿರುತ್ತವೆ. ಈ ಭೇದವನ್ನು ಕಿವಿ ಹಿಡಿದರೆ ಅರ್ಧ ಚಿಕಿತ್ಸೆ ಮುಗಿಯಿತು.

ಇನ್ನು ಪರೀಕ್ಷೆಯ ಕ್ರಮ. ಹಾಡನ್ನು ನಿಲ್ಲಿಸಿ, ಸ್ವರ ಸ್ಪೀಕರಿನಿಂದ ಬರುತ್ತಿದೆಯೋ ಅಥವಾ ಆಂಪ್ಲಿಫೈಯರಿನ ಪೆಟ್ಟಿಗೆಯೇ ಗುನುಗುತ್ತಿದೆಯೋ ಎಂದು ಮೊದಲು ಕಿವಿಗೊಟ್ಟು ನೋಡಬೇಕು. ಪೆಟ್ಟಿಗೆಯೇ ಗುನುಗುತ್ತಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರಿನ ತಗಡುಗಳು ಸಡಿಲಾಗಿ ಕಂಪಿಸುತ್ತಿವೆಯೆಂದು ತಿಳಿಯಬೇಕು. ಅದಕ್ಕೂ ತಂತಿಗಳ ಜೋಡಣೆಗೂ ಸಂಬಂಧವಿಲ್ಲ. ಸ್ಪೀಕರಿನಿಂದಲೇ ಬರುತ್ತಿದ್ದರೆ ಧ್ವನಿಯನ್ನು ಏರಿಸಿ ಇಳಿಸುವ ತಿರುಪನ್ನು ಸೊನ್ನೆಗೆ ತಿರುಗಿಸಿರಿ. ಆಗಲೂ ಗುಂಜಾರವ ಅಷ್ಟೇ ಇದ್ದರೆ ದೋಷ ಆ ತಿರುಪಿನ ಆಚೆಗಿನದು, ಎಂದರೆ ಆಂಪ್ಲಿಫೈಯರಿನ ಒಡಲಿನದು. ತಿರುಪಿನೊಡನೆ ಅದೂ ಇಳಿದರೆ ದೋಷ ತಿರುಪಿನ ಈಚೆಗೆ, ಹೊರಗಿನಿಂದ ಬಂದು ಸೇರುವ ಯಾವುದೋ ತಂತಿಯಲ್ಲಿದೆ. ಈ ಒಂದು ತಿರುಪಿನ ಪರೀಕ್ಷೆ ಎಷ್ಟೋ ಮನೆಗಳಲ್ಲಿ ಹೊಸ ಯಂತ್ರದ ಖರ್ಚನ್ನು ಉಳಿಸಬಲ್ಲದು.

ಹೊರಗಿನ ತಂತಿಯೆಂದು ಖಚಿತವಾದ ಮೇಲೆ ಎಲ್ಲವನ್ನೂ ಆರಿಸಿ, ಆಂಪ್ಲಿಫೈಯರಿಗೆ ಬಂದು ಸೇರುವ ತಂತಿಗಳನ್ನೆಲ್ಲ ಕಳಚಬೇಕು. ಸ್ಪೀಕರು ಮಾತ್ರ ಇರಲಿ. ಬಳಿಕ ಯಂತ್ರವನ್ನು ಹೊತ್ತಿಸಿದರೆ ನಿಶ್ಶಬ್ದವಾಗಿರತಕ್ಕದ್ದು. ಆಮೇಲೆ ಒಂದೊಂದೇ ತಂತಿಯನ್ನು, ಪ್ರತಿ ಸಲವೂ ಧ್ವನಿಯನ್ನು ಸೊನ್ನೆಗಿಳಿಸಿಕೊಂಡು, ಸೇರಿಸುತ್ತ ಬಂದರೆ ಯಾವುದನ್ನು ಸೇರಿಸಿದಾಗ ಗುಂಜಾರವ ಮರಳುತ್ತದೆಯೋ ಅದೇ ಅಪರಾಧಿ. ಇದಕ್ಕೆ ಉಪಕರಣ ಬೇಡ. ತಾಳ್ಮೆ ಮಾತ್ರ ಬೇಕು.

ಪರ್ಕಳದ ಕಡೆಗೆ ಇಳಿಯುವ ರಸ್ತೆಯಲ್ಲಿರುವ ಒಂದು ಮನೆಯ ಉದಾಹರಣೆಯನ್ನು ಹೇಳುತ್ತೇನೆ. ಯಜಮಾನರು ನಿವೃತ್ತ ಅಧ್ಯಾಪಕರು, ಯಕ್ಷಗಾನಪ್ರಿಯರು. "ಮಾಷ್ಟ್ರೇ, ಪೆಟ್ಟಿಗೆಯ ಒಳಗೆ ಯಾರೋ ಕೂತು ಶ್ರುತಿ ಊದುತ್ತಿದ್ದ ಹಾಗೆ ಉಂಟು, ಭಾಗವತರು ಬರುವ ಮುಂಚೆಯೇ ಶುರು" ಎಂದು ಅವರು ನನ್ನನ್ನು ಕರೆದರು. ಆಂಪ್ಲಿಫೈಯರಿಗೆ ರೆಕಾರ್ಡಿನ ಯಂತ್ರ, ಟೆಲಿವಿಷನ್ನು, ಮಗಳ ಲ್ಯಾಪ್‌ಟಾಪು ಈ ಮೂರರಿಂದಲೂ ತಂತಿಗಳಿದ್ದುವು. ಎಲ್ಲವನ್ನೂ ಕಳಚಿ ಒಂದೊಂದಾಗಿ ಸೇರಿಸಿದಾಗ ರೆಕಾರ್ಡಿನ ಯಂತ್ರ ಮೌನ. ಟೆಲಿವಿಷನ್ನಿನ ತಂತಿ ಸೇರಿದೊಡನೆ 'ಗುಂ'. ಟೆಲಿವಿಷನ್ನಿನ ಸ್ವಿಚ್ಚನ್ನು ಆರಿಸಿದರೂ ಹೋಗಲಿಲ್ಲ; ಪ್ಲಗ್ಗನ್ನು ಕಿತ್ತರೂ ಹೋಗಲಿಲ್ಲ. ಯಜಮಾನರ ಮುಖದಲ್ಲಿ ಭೂತಪ್ರೇತದ ಸಂಶಯ ಮೂಡುವಷ್ಟರಲ್ಲಿ, ಬೀದಿಯಿಂದ ಟೆಲಿವಿಷನ್ನಿಗೆ ಚಿತ್ರವನ್ನು ತರುವ ಕೇಬಲ್ಲನ್ನು ಕಳಚಿದೆವು. ಒಡನೆಯೇ ಸ್ವರ ನಿಂತಿತು.

ಹೀಗಾಗುವುದು ಹೇಗೆ? ಆಂಪ್ಲಿಫೈಯರಿನ ಲೋಹದ ಕವಚ, ಮೂರು ಕಡ್ಡಿಯ ಪ್ಲಗ್ಗಿನ ದೊಡ್ಡ ಕಡ್ಡಿಯ ಮೂಲಕ, ಮನೆಯ ಹಿತ್ತಿಲಲ್ಲಿ ಹುಗಿದ ಕೊಳವೆಗೆ ಸೇರಿರುತ್ತದೆ. ಇದನ್ನೇ ಅರ್ಥಿಂಗ್, ಭೂಸಂಪರ್ಕ, ಎನ್ನುತ್ತೇವೆ. ಬೀದಿಯ ಕೇಬಲ್ಲಿನ ಹೊರಬಲೆಯೂ ಎಲ್ಲೋ ದೂರದಲ್ಲಿ ಭೂಮಿಗೆ ಸೇರಿರುತ್ತದೆ. ಭೂಮಿ ಎಲ್ಲ ಕಡೆಯೂ ಒಂದೇ ಮಟ್ಟವೆಂದು ಪಠ್ಯಪುಸ್ತಕದಲ್ಲಿ ಬರೆದಿದ್ದರೂ, ನೂರು ಗಜ ದೂರದ ಎರಡು ಕೊಳವೆಗಳ ನಡುವೆ ಅಷ್ಟಿಷ್ಟು ವಿದ್ಯುತ್ತಿನ ಅಂತರ ಇದ್ದೇ ಇರುತ್ತದೆ. ಎರಡು ಕೆರೆಗಳ ನೀರಿನ ಮಟ್ಟ ಬೇರೆ ಬೇರೆಯಾಗಿದ್ದು ನಡುವೆ ಕಾಲುವೆ ತೋಡಿದರೆ ನೀರು ಹರಿಯದಿದ್ದೀತೇ? ಆಂಪ್ಲಿಫೈಯರಿಗೂ ಟೆಲಿವಿಷನ್ನಿಗೂ ನಡುವೆ ಹಾಡನ್ನು ಒಯ್ಯಲು ನಾವು ಹಾಕಿದ ತಂತಿಯೇ ಆ ಕಾಲುವೆ. ಅದರ ಹೊರಬಲೆಯಲ್ಲಿ ಸೆಕೆಂಡಿಗೆ 50 ಆವರ್ತದ ಪ್ರವಾಹ ಹರಿಯತೊಡಗುತ್ತದೆ. ಅದರ ಒಂದಂಶ ಹಾಡಿನೊಡನೆ ಬೆರೆಯುತ್ತದೆ. ಹಾಡು ಬಲವಾಗಿದ್ದಾಗ ಈ ತಂತಿಯಲ್ಲಿರುವುದು ಒಂದು ವೋಲ್ಟಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಆಲಾಪನೆಯ ಕೊನೆಯ ಎಳೆಯಲ್ಲಿ ಅದರ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಅಲ್ಲಿಗೆ ವೋಲ್ಟಿನ ಸಾವಿರದಲ್ಲೊಂದು ಪಾಲಿನ ಕಳ್ಳಪ್ರವಾಹ ಬಂದು ಸೇರಿದರೂ ಕಿವಿಗೆ ಕೇಳದಿರುವುದಿಲ್ಲ. ಎರಡು ಭೂಸಂಪರ್ಕಗಳನ್ನು ಬಳಸಿಕೊಂಡು ಮುಗಿಯುವ ಈ ಸುತ್ತಿಗೆ ಭೂಸಂಪರ್ಕದ ಕುಣಿಕೆಯೆಂದು ಕರೆಯಬಹುದು. ಗುಂಜಾರವದ ಕಾರಣಗಳಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕುಣಿಕೆಯನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಎಲ್ಲಿ ಕತ್ತರಿಸಿದರೂ ಸ್ವರ ನಿಲ್ಲುತ್ತದೆ. ಅತ್ಯಂತ ಸುಲಭವಾದ ಸ್ಥಳವೆಂದರೆ ಆಂಪ್ಲಿಫೈಯರಿನ ಪ್ಲಗ್ಗಿನ ದೊಡ್ಡ ಕಡ್ಡಿ. ನಾನು ಹೇಳಿದ ಮನೆಗೆ ನನಗಿಂತ ಮೊದಲು ಬಂದ ವೈರಿಂಗಿನವನು ಆ ಕಡ್ಡಿಯನ್ನು ಕಳಚಿಹಾಕಲು ಸಲಹೆ ಮಾಡಿ ಹೋಗಿದ್ದ. ಹಾಗೆ ಮಾಡಿದ್ದರೆ ಐದು ನಿಮಿಷದಲ್ಲಿ ಮೌನವಾಗುತ್ತಿತ್ತು, ಮನೆಯವರು ಸಂತೋಷದಿಂದ ಕಾಫಿ ಕೊಟ್ಟು ಕಳುಹಿಸುತ್ತಿದ್ದರು. ನಮ್ಮಲ್ಲಿ ಈ ಚಿಕಿತ್ಸೆ ಎಷ್ಟು ಬಳಕೆಯಲ್ಲಿದೆಯೆಂದರೆ ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ಹೊಂದಿಸುವ ತುಂಡು ಅಂಗಡಿಗಳಲ್ಲಿ ಸಿಕ್ಕುತ್ತದೆ. ಪ್ಲಗ್ಗೇ ಇಲ್ಲದೆ ಎರಡು ಬರಿಯ ತಂತಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುವ ಧೀರರನ್ನೂ ನೀವು ನೋಡಿರುತ್ತೀರಿ.

ಆ ದೊಡ್ಡ ಕಡ್ಡಿಯನ್ನು ಇತರ ಎರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಮಾಡಿರುವುದು ಅಲಂಕಾರಕ್ಕಲ್ಲ. ಉದ್ದವಾಗಿರುವುದರಿಂದ ಅದು ಸಾಕೆಟ್ಟಿಗೆ ಮೊದಲು ಸೇರುತ್ತದೆ, ಕೊನೆಯಲ್ಲಿ ಬಿಡುತ್ತದೆ. ದಪ್ಪವಾಗಿರುವುದರಿಂದ ಬೇರೆ ತೂತಿಗೆ ಹೋಗಲಾರದು. ಯಂತ್ರದೊಳಗೆ ಎಂದಾದರೂ ಒಂದು ತಂತಿಯ ಹೊದಿಕೆ ಕರಗಿ 230 ವೋಲ್ಟು ಲೋಹದ ಕವಚಕ್ಕೆ ತಗುಲಿದರೆ, ಪ್ರವಾಹ ಈ ಕಡ್ಡಿಯ ದಾರಿಯಿಂದ ಭೂಮಿಗೆ ಧುಮುಕಿ ಫ್ಯೂಸನ್ನು ಸುಡಬೇಕು. ಕಡ್ಡಿಯಿಲ್ಲದಿದ್ದರೆ ಕವಚ ಹಾಗೆಯೇ 230 ವೋಲ್ಟನ್ನು ಹೊತ್ತು, ಏನೂ ಆಗದವರಂತೆ ಹಾಡುತ್ತ ಕುಳಿತಿರುತ್ತದೆ. ಮಳೆಗಾಲದ ಒಂದು ಸಂಜೆ ಹಿತ್ತಿಲಿನಿಂದ ಬಂದ ಮನೆಯಾಕೆಯೋ ಮಗುವೋ ಒದ್ದೆಗಾಲಿನಲ್ಲಿ ಕೆಂಪು ಗಾರೆಯ ನೆಲದ ಮೇಲೆ ನಿಂತು ಧ್ವನಿಯನ್ನು ತಗ್ಗಿಸಲು ಕೈ ಚಾಚಿದರೆ, ಆ ಪ್ರವಾಹಕ್ಕೆ ಬೇಕಾದ ದಾರಿ ಅವರ ದೇಹದ ಮೂಲಕ ತೆರೆಯುತ್ತದೆ. ಪ್ರಾಣ ತೆಗೆಯಲು ಒಂದು ಆಂಪಿಯರಿನ ನೂರರಲ್ಲಿ ಕೆಲವು ಪಾಲುಗಳೇ ಸಾಕು. ಮನೆಯ ಫ್ಯೂಸಿಗೆ ಅಷ್ಟು ಸಣ್ಣ ಪ್ರವಾಹ ಹರಿದದ್ದೇ ಗೊತ್ತಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಸಂದರ್ಭವೂ ಉಂಟು. ಕೆಲವು ಮನೆಗಳಲ್ಲಿ ಗುಂಜಾರವ ಬರುವುದು ಭೂಸಂಪರ್ಕ ಎರಡಾದುದರಿಂದಲ್ಲ, ಒಂದೂ ಇಲ್ಲದಿರುವುದರಿಂದ. ಸಾಕೆಟ್ಟಿನಲ್ಲಿ ಮೂರು ತೂತುಗಳು ಶೋಭಾಯಮಾನವಾಗಿರುತ್ತವೆ. ಮೂರನೆಯದರ ಹಿಂದೆ ಹಸಿರು ತಂತಿಯೇ ಇರುವುದಿಲ್ಲ. ಆಗ ಕಂಪ್ಯೂಟರಿನ, ಲ್ಯಾಪ್‌ಟಾಪಿನ ಚಾರ್ಜರುಗಳೊಳಗಿನ ಸಣ್ಣ ಕೆಪಾಸಿಟರುಗಳ ಮೂಲಕ ಸೋರುವ ಪ್ರವಾಹಕ್ಕೆ ಹೋಗಲು ಸ್ಥಳವಿಲ್ಲದೆ ಯಂತ್ರದ ಲೋಹದ ಭಾಗ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಅಪಾಯವಿಲ್ಲ, ಆದರೆ ಬೆರಳ ಬೆನ್ನಿನಿಂದ ಸವರಿದರೆ ಜುಮ್ಮೆನ್ನುತ್ತದೆ. ಸ್ಪೀಕರಿನಲ್ಲಿ ಗುಂಜಾರವ, ಕವಚದಲ್ಲಿ ಜುಮ್ಮೆನ್ನುವಿಕೆ, ಎರಡೂ ಒಟ್ಟಿಗೆ ಕಂಡರೆ ಸಂಗೀತದ ಚಿಂತೆಯನ್ನು ಬಿಟ್ಟು ಆ ದಿನವೇ ಅರ್ಹನಾದ ವೈರ್‌ಮನ್ನನ್ನು ಕರೆಸಿ ಭೂಸಂಪರ್ಕವನ್ನು ಅಳೆಯಿಸಬೇಕು. ಜುಮ್ಮೆನ್ನುವುದು ಸೋರಿಕೆಯೋ, ಹೊದಿಕೆ ಕಿತ್ತ ತಂತಿಯೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಆದಕಾರಣ ಅದನ್ನು ಬೇಕೆಂದೇ ಮುಟ್ಟಿ ಪರೀಕ್ಷಿಸಬಾರದು.

ಭೂಸಂಪರ್ಕವನ್ನು ಅಳೆಯಿಸುವ ಮಾತಿಗೆ ನಮ್ಮ ಸೀಮೆಯಲ್ಲಿ ವಿಶೇಷ ಕಾರಣವುಂಟು. ಮಣ್ಣು ತೆಗೆದ ಪಳ್ಳದಿಂದಲೇ ಮಣಿಪಾಲಕ್ಕೆ ಹೆಸರು ಬಂತೆಂದು ಹೇಳುತ್ತಾರೆ. ಮಣ್ಣಪಳ್ಳದ ಕೆರೆ ಇಂದಿಗೂ ಇದೆ. ಆದರೆ ಮಣ್ಣಿನ ಹೆಸರು ಹೊತ್ತ ಈ ಊರು ನಿಂತಿರುವುದು ಮುರಕಲ್ಲಿನ ಗುಡ್ಡದ ಮೇಲೆ. ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿದು ಪ್ರವಾಹವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಸೀಮೆಯಿದು. ಆದರೆ ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅದೇ ಕಲ್ಲು ಒಣಗಿ ಪ್ರವಾಹಕ್ಕೆ ಗೋಡೆಯಾಗುತ್ತದೆ. ಲೆಕ್ಕ ಬಹಳ ಸರಳವಾದದ್ದು. ಭೂಸಂಪರ್ಕದ ತಡೆ 10 ಓಮ್ ಇದ್ದರೆ 230 ವೋಲ್ಟು ಅದರ ಮೂಲಕ 23 ಆಂಪಿಯರುಗಳನ್ನು ಹರಿಸುತ್ತದೆ. 16 ಆಂಪಿಯರಿನ ಫ್ಯೂಸಿಗೆ ತೊಂದರೆ ತಿಳಿಯುತ್ತದೆ. ತಡೆ 100 ಓಮ್ ಆದರೆ ಹರಿಯುವುದು 2.3 ಆಂಪಿಯರು ಮಾತ್ರ. ಫ್ಯೂಸು ನಿದ್ರಿಸುತ್ತಿರುತ್ತದೆ, ಕವಚ ವಿದ್ಯುತ್ತನ್ನು ಹೊತ್ತೇ ಇರುತ್ತದೆ. ಮನೆ ಕಟ್ಟಿದಾಗ ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆಯೆಂದು ಬರೆದುಕೊಟ್ಟ ಚೀಟಿಯನ್ನು ನಂಬಿ ಬೇಸಗೆಯಲ್ಲಿ ನಿಶ್ಚಿಂತರಾಗಿರುವುದು ಸರಿಯಲ್ಲ. ಇದ್ದಲು, ಉಪ್ಪು ತುಂಬಿದ ಗುಂಡಿಗೆ ಬೇಸಗೆಯಲ್ಲಿ ವಾರಕ್ಕೊಮ್ಮೆ ನೀರು ಹೊಯ್ಯುವ ಹಿರಿಯರ ಪದ್ಧತಿ ಅರ್ಥವಿಲ್ಲದ್ದಲ್ಲ. ಅದರ ಜೊತೆಗೆ, ಸೋರುವ ಪ್ರವಾಹ 30 ಮಿಲಿಆಂಪಿಯರಿಗೆ ಮುಟ್ಟುವಷ್ಟರಲ್ಲಿ ಮನೆಯ ವಿದ್ಯುತ್ತನ್ನೇ ಕಡಿದುಬಿಡುವ ಸ್ವಿಚ್ಚು ಈಗ ಸಿಕ್ಕುತ್ತದೆ. ವೈರಿಂಗಿನವರು ಅದನ್ನು ಆರ್‌ಸಿಸಿಬಿ ಎನ್ನುತ್ತಾರೆ. ಸ್ಪೀಕರು ಕೊಳ್ಳುವ ಹಣದಲ್ಲಿ ಸ್ವಲ್ಪವನ್ನು ಕಡಮೆ ಮಾಡಿಯಾದರೂ ಇದನ್ನು ಮೊದಲು ಹಾಕಿಸಬೇಕೆಂದು ನನ್ನ ಅಭಿಪ್ರಾಯ.

ಹಾಗಾದರೆ ಕುಣಿಕೆಯನ್ನು ಕತ್ತರಿಸಬೇಕಾದದ್ದೆಲ್ಲಿ? ಪರ್ಕಳದ ಮನೆಯಲ್ಲಿ ಬೀದಿಯ ಕೇಬಲ್ಲು ಟೆಲಿವಿಷನ್ನನ್ನು ಸೇರುವ ಸ್ಥಳದಲ್ಲಿ, ಬೆರಳುದ್ದದ ಒಂದು ಸಣ್ಣ ತಡೆಯನ್ನು ಇಟ್ಟೆವು. ಅದು ಚಿತ್ರವನ್ನು ಒಯ್ಯುವ ಅತ್ಯಧಿಕ ಆವರ್ತಗಳನ್ನು ದಾಟಿಸಿ 50 ಆವರ್ತದ ಪ್ರವಾಹವನ್ನು ತಡೆಯುತ್ತದೆ. ಪ್ಲಗ್ಗಿನ ಕಡ್ಡಿ ಇದ್ದಲ್ಲೇ ಇತ್ತು, ಗುಂಜಾರವ ಹೋಯಿತು. ಚಾವಣಿಯ ಮೇಲೆ ತಟ್ಟೆ ಇಟ್ಟುಕೊಂಡವರಿಗೆ ಈ ಉಪಾಯ ನಡೆಯದು. ತಟ್ಟೆಯ ತುದಿಯ ಉಪಕರಣಕ್ಕೆ ವಿದ್ಯುತ್ತು ಅದೇ ಕೇಬಲ್ಲಿನಿಂದ ಹೋಗಬೇಕಾದ್ದರಿಂದ ಅಲ್ಲಿ ತಡೆಯಿಟ್ಟರೆ ಚಿತ್ರವೇ ಬಾರದು. ಅಂಥವರು ಟೆಲಿವಿಷನ್ನಿನಿಂದ ಆಂಪ್ಲಿಫೈಯರಿಗೆ ಹಾಡು ಹೋಗುವ ತಂತಿಯಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರನ್ನು ಸೇರಿಸಬಹುದು. ಅದರ ಎರಡು ಸುರುಳಿಗಳು ಒಂದನ್ನೊಂದು ಮುಟ್ಟದೆ ಹಾಡನ್ನು ಕೈಮಾರಿಸುತ್ತವೆ. ಬೆಳಕನ್ನು ಒಯ್ಯುವ ನಾರಿನ ತಂತಿಗೆ ಎರಡು ಯಂತ್ರಗಳಲ್ಲೂ ಜಾಗವಿದ್ದರೆ ಇನ್ನೂ ಉತ್ತಮ. ಅಲ್ಲಿ ಲೋಹವೇ ಇಲ್ಲ, ಕುಣಿಕೆ ಬೀಳುವುದು ಹೇಗೆ? ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಧ್ವನಿಯಂತ್ರದ ಪರಿವಾರವನ್ನೆಲ್ಲ, ಒಂದಕ್ಕೊಂದು ದೂರದ ಸಾಕೆಟ್ಟುಗಳಿಗೆ ಹಂಚದೆ, ಸರಿಯಾದ ಭೂಸಂಪರ್ಕವುಳ್ಳ ಒಂದೇ ಹಲಗೆಗೆ ಸೇರಿಸುವುದು. ಲ್ಯಾಪ್‌ಟಾಪಿನ ವಿಷಯದಲ್ಲಿ ಪರೀಕ್ಷೆ ಇನ್ನೂ ಸುಲಭ. ಚಾರ್ಜರನ್ನು ಕಳಚಿ ಬ್ಯಾಟರಿಯ ಮೇಲೆ ನಡೆಸಿರಿ. ಸ್ವರ ನಿಂತರೆ ದಾರಿ ಚಾರ್ಜರಿನದೇ ಎಂದು ತಿಳಿಯಿತು. ಅಲ್ಲಿಯೂ ಆ ಪುಟ್ಟ ಟ್ರಾನ್ಸ್‌ಫಾರ್ಮರೇ ಮದ್ದು.

ರೆಕಾರ್ಡು ತಿರುಗಿಸುವವರಿಗೆ ಒಂದು ಪ್ರತ್ಯೇಕ ಸೂಚನೆ. ಮುಳ್ಳಿನ ತಲೆಯಿಂದ ಹೊರಡುವ ವಿದ್ಯುತ್ತು ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಪಾಲು ಮಾತ್ರ. ಅಲ್ಲದೆ ರೆಕಾರ್ಡು ಕೊರೆಯುವಾಗ ಮಂದ್ರಸ್ವರಗಳನ್ನು ತಗ್ಗಿಸಿ ಕೊರೆಯುವುದರಿಂದ ನುಡಿಸುವಾಗ ಅವನ್ನು ಮರಳಿ ಏರಿಸಬೇಕು. 1954ರಿಂದ ರೂಢಿಗೆ ಬಂದ ಕ್ರಮದಂತೆ, 1,000 ಆವರ್ತದ ಸ್ವರವನ್ನು ಏರಿಸುವುದಕ್ಕಿಂತ ಸುಮಾರು 7 ಪಟ್ಟು ಹೆಚ್ಚಾಗಿ 50 ಆವರ್ತದ ಸ್ವರವನ್ನು ಏರಿಸುತ್ತಾರೆ. ಗುಂಜಾರವಕ್ಕೆ ಇದಕ್ಕಿಂತ ಹೆಚ್ಚಿನ ಉಪಚಾರ ಬೇಕೆ? ಆದುದರಿಂದಲೇ ರೆಕಾರ್ಡಿನ ಯಂತ್ರದಿಂದ ಹಾಡಿನ ತಂತಿಗಳ ಜೊತೆಗೆ ಇನ್ನೊಂದು ತೆಳುವಾದ ಒಂಟಿ ತಂತಿ ಹೊರಡುತ್ತದೆ. ಅದು ಏಕೆಂದು ತಿಳಿಯದೆ ಮಡಿಚಿ ಹಿಂದಕ್ಕೆ ಕಟ್ಟಿಟ್ಟ ಮನೆಗಳನ್ನು ಕಂಡಿದ್ದೇನೆ. ಅದನ್ನು ಆಂಪ್ಲಿಫೈಯರಿನ ಹಿಂಬದಿಯ ತಿರುಪಿನ ಮೊಳೆಗೆ ಸೇರಿಸಿದರೆ ಕೆಲಸ ಮುಗಿಯುತ್ತದೆ. ಮುಳ್ಳಿನ ತಲೆಯನ್ನು ಟ್ರಾನ್ಸ್‌ಫಾರ್ಮರಿನಿಂದ ಎರಡು ಮೊಳ ದೂರದಲ್ಲಿಡಬೇಕೆಂಬುದನ್ನೂ ಮರೆಯಬಾರದು.

ಜೀರುಂಡೆಯ ಜಾತಿಯ ಸ್ವರಕ್ಕೆ ಮೂಲ ಸಾಮಾನ್ಯವಾಗಿ ನೆರೆಹೊರೆಯಲ್ಲಿರುತ್ತದೆ. ಫ್ಯಾನಿನ ರೆಗ್ಯುಲೇಟರು, ಬೆಳಕನ್ನು ಮಂದ ಮಾಡುವ ಸ್ವಿಚ್ಚು, ಅಗ್ಗದ ಎಲ್‌ಇಡಿ ದೀಪ ಇವುಗಳನ್ನು ಒಂದೊಂದಾಗಿ ಆರಿಸಿ ನೋಡಬೇಕು. ಮಳೆಗಾಲದಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ವಿದ್ಯುತ್ತು ಹೋದಾಗ ಮಾತ್ರ ಈ ಸ್ವರ ಬರುವುದಾದರೆ ಅದು ಇನ್ವರ್ಟರಿನದು. ಹಳೆಯ ಮಾದರಿಯ ಇನ್ವರ್ಟರುಗಳು ನುಣುಪಾದ ಅಲೆಗೆ ಬದಲಾಗಿ ಮೆಟ್ಟಿಲು ಕೊರೆದಂಥ ಅಲೆಯನ್ನು ಕೊಡುತ್ತವೆ; ಆ ಮೆಟ್ಟಿಲಿನ ಅಂಚುಗಳೇ 'ಜೀರ್' ಎನ್ನುತ್ತವೆ. ಅದಕ್ಕೆ ನುಣುಪಾದ ಅಲೆಯ ಇನ್ವರ್ಟರಲ್ಲದೆ ಬೇರೆ ಮದ್ದಿಲ್ಲ. ಹಳೆಯ ಎರಡನೆಯ ತಲೆಮಾರಿನ ಮೊಬೈಲು ತಂತಿಯ ಬಳಿಯಿದ್ದರೆ, ಕರೆ ಬರುವ ಮುಂಚೆಯೇ ಗುಡುಗುಡು ಎಂದು ಕಳವಳಪಡಿಸುತ್ತದೆ. ಇನ್ನು ಮಲ್ಪೆ, ಕಾಪುಗಳ ಕಡಲ ಗಾಳಿ. ಆ ಉಪ್ಪಿಗೆ ಪ್ಲಗ್ಗಿನ ಹಿತ್ತಾಳೆಯೂ ತಂತಿಯ ತುದಿಯೂ ಒಂದೆರಡು ಮಳೆಗಾಲದಲ್ಲಿ ಹಸಿರುಗಟ್ಟುತ್ತವೆ. ಹಾಡಿನ ತಂತಿಯ ಹೊರಬಲೆಯ ಕೂಡುವಿಕೆ ಹೀಗೆ ಕೆಟ್ಟರೆ ಮುಸುಕು ಹರಿದಂತಾಗಿ ಮನೆಯೊಳಗಿನ ವಿದ್ಯುತ್ತೆಲ್ಲ ಹಾಡಿನೊಳಕ್ಕೆ ನುಗ್ಗುತ್ತದೆ. ಎಷ್ಟೋ ಸಲ ಪ್ಲಗ್ಗುಗಳನ್ನು ಎಳೆದು, ಒರೆಸಿ, ಮತ್ತೆ ಸೇರಿಸಿದ ಮಾತ್ರಕ್ಕೆ ದೋಷ ಪರಿಹಾರವಾಗುತ್ತದೆ. ಕಿಲುಬು ಹಿಡಿದ ಕೂಡುವಿಕೆ ರೇಡಿಯೋ ತರಂಗವನ್ನು ಹಿಡಿದು ನುಡಿಸುವುದೂ ಸಾಧ್ಯ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಗೋಪುರವನ್ನು ನಿಲ್ಲಿಸಿದ್ದು ಬ್ರಹ್ಮಾವರದಲ್ಲಿ. ಅಂಥ ಗೋಪುರದ ನೆರಳಿನಲ್ಲಿರುವ ಮನೆಯಲ್ಲಿ ರೇಡಿಯೋ ಇಲ್ಲದೆಯೇ ವಾರ್ತೆ ಕೇಳಿಸಿದರೆ ಅದು ಪವಾಡವಲ್ಲ.

ತಿರುಪನ್ನು ಸೊನ್ನೆಗಿಳಿಸಿದರೂ ಹೋಗದ ಗುಂಜಾರವದ ಮಾತು ಉಳಿಯಿತು. ಆಂಪ್ಲಿಫೈಯರಿನೊಳಗೆ ಹೋಗಿಬರುವ ಪ್ರವಾಹವನ್ನು ಏಕಮುಖವಾಗಿ ಮಾಡುವಾಗ ಸೆಕೆಂಡಿಗೆ 100 ಅಲೆಗಳು ಏಳುತ್ತವೆ. ಅವನ್ನು ಸಮ ಮಾಡುವ ಹೊಣೆ ದೊಡ್ಡ ಕೆಪಾಸಿಟರುಗಳದು. ಅವುಗಳೊಳಗಿನ ದ್ರವ ವರ್ಷಗಳು ಕಳೆದಂತೆ, ವಿಶೇಷವಾಗಿ ಶಾಖದಲ್ಲಿ, ಒಣಗಿಹೋಗುತ್ತದೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಗಳು 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದರಷ್ಟೆ. ಆ ಕಾಲದ ವಾಲ್ವಿನ ರೇಡಿಯೋಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಹಾಡಿಸುವ ಹವ್ಯಾಸ ಈಗ ಕೆಲವರಲ್ಲಿದೆ. ಅವರೆಲ್ಲ ಮೊದಲು ಕೇಳುವುದು ಈ 100 ಆವರ್ತದ ಗುಂಜಾರವವನ್ನೇ. ಬ್ಯಾಟರಿಯಿಂದ ನಡೆಯುತ್ತಿದ್ದ ಹಳ್ಳಿಯ ರೇಡಿಯೋಗಳಿಗೆ ಈ ರೋಗವಿರಲಿಲ್ಲ. ವಾಲ್ವಿನ ಯಂತ್ರದ ಹಿಂಬದಿಯನ್ನು ಕುತೂಹಲಕ್ಕಾಗಿ ಬಿಚ್ಚಬೇಡಿರೆಂದು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಪ್ಲಗ್ಗನ್ನು ಕಿತ್ತ ಬಳಿಕವೂ ಅದರ ಕೆಪಾಸಿಟರುಗಳು 300 ವೋಲ್ಟಿನಷ್ಟನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲವು. ಅದನ್ನು ಬಲ್ಲವರ ಕೈಗೆ ಕೊಡತಕ್ಕದ್ದು.

ಯಾವ ತಂತಿ ಕಳಚಿದರೂ, ಯಾವ ಕೆಪಾಸಿಟರು ಬದಲಾಯಿಸಿದರೂ ಹೋಗದ ಗುಂಜಾರವ ಒಂದಿದೆ. ಅದು ಧ್ವನಿಮುದ್ರಣದೊಳಗೇ ಇರತಕ್ಕದ್ದು. ನಲವತ್ತು ಐವತ್ತು ವರ್ಷಗಳ ಹಿಂದೆ ದೇವಸ್ಥಾನದ ಜಗಲಿಯಲ್ಲಿ ನಡೆದ ತಾಳಮದ್ದಳೆಯನ್ನು ಯಾರೋ ಟೇಪಿನಲ್ಲಿ ಹಿಡಿದಿಟ್ಟಿರುತ್ತಾರೆ. ಅರ್ಥಧಾರಿಗಳ ಮಾತಿನ ಅಡಿಯಲ್ಲಿ ಅಂದಿನ ವಿದ್ಯುತ್ತೂ ತನ್ನ ಶ್ರುತಿಯನ್ನು ದಾಖಲಿಸಿರುತ್ತದೆ. ಇಂಥ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವವರು ಈ ಸ್ವರವನ್ನು ಒಮ್ಮೆಗೇ ಅಳಿಸಿಹಾಕಲು ಆತುರಪಡುತ್ತಾರೆ. ಸ್ವಲ್ಪ ತಾಳಬೇಕು. ಹಳೆಯ ಟೇಪು ಯಂತ್ರಗಳ ವೇಗ ಒಂದೇ ಸಮನಲ್ಲ. ಈಗ ನುಡಿಸುವಾಗ ಗುಂಜಾರವ 50ರ ಬದಲು 52 ಆವರ್ತವೆಂದು ಕಂಪ್ಯೂಟರು ತೋರಿಸಿದರೆ ಟೇಪು ನೂರಕ್ಕೆ 4ರಷ್ಟು ಬೇಗ ಓಡುತ್ತಿದೆಯೆಂದೂ, ಭಾಗವತರ ಶ್ರುತಿ ಬಿಳಿ ಒಂದರಿಂದ ಕಪ್ಪು ಒಂದರ ಕಡೆಗೆ ಮೂರರಲ್ಲಿ ಎರಡು ಪಾಲು ದಾರಿ ಏರಿಹೋಗಿದೆಯೆಂದೂ ಊಹಿಸಬಹುದು. ಆ ದಶಕಗಳಲ್ಲಿ ನಮ್ಮ ವಿದ್ಯುತ್ತೇ 50 ಆವರ್ತಕ್ಕಿಂತ ಕೆಳಗಿಳಿಯುತ್ತಿದ್ದುದುಂಟು. ಆದ್ದರಿಂದ ಈ ಒಂದು ಸಾಕ್ಷ್ಯವನ್ನೇ ನೆಚ್ಚದೆ, ಅದೇ ಟೇಪಿನಲ್ಲಿ ಕೇಳುವ ಹಾರ್ಮೋನಿಯಮ್ಮಿನ ಶ್ರುತಿಯೊಡನೆ ತಾಳೆ ನೋಡಬೇಕು. ಎರಡೂ ಒಂದೇ ಮಾತು ಹೇಳಿದರೆ ವೇಗವನ್ನು ಸರಿಪಡಿಸಿಕೊಂಡು, ಆಮೇಲೆ 50, 100, 150 ಆವರ್ತಗಳಲ್ಲಿ ಬಹು ಇಕ್ಕಟ್ಟಾದ ಕತ್ತರಿ ಹಾಕಿ ಗುಂಜಾರವವನ್ನು ತೆಗೆಯಬಹುದು. ಕತ್ತರಿ ಅಗಲವಾದರೆ ಚೆಂಡೆ ಮದ್ದಳೆಗಳ ತುಂಬುಧ್ವನಿಯೂ ಅದರೊಡನೆ ಹೊರಟುಹೋಗುತ್ತದೆ. ತೆಗೆಯುವ ಮುಂಚೆ ಮೂಲ ಮುದ್ರಣದ ಒಂದು ಪ್ರತಿಯನ್ನು, ಗುಂಜಾರವದ ಸಮೇತವಾಗಿಯೇ, ಬೇರೆ ಇಟ್ಟಿರಬೇಕು.